ನೀರಿನ ಲೆಕ್ಕ ಗೋಡೆಯ ಮೇಲೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದರೆ ವೇದಗಂಗೆ, ದೂಧಗಂಗೆ, ಕೃಷ್ಣೆಯರ ನಾಡು. ಆದರೂ 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರ ಒಣಗಿ, ಕೊಯ್ನಾ ಅಣೆಕಟ್ಟಿನ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಅದೇ ಹೊಳಿ ಮನಿಯೊಳಗೇ ಬಂತು. ಹೊಳೆ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಕೈಯಲ್ಲಿರುವುದು ಬಳಕೆ ಒಂದೇ.

"ನಿಮ್ಮ ಮನೆಗೆ ದಿನಕ್ಕೆ ಎಷ್ಟು ನೀರು ಬೇಕು?" ಎಂದು ನಾನು ಹೋದಲ್ಲೆಲ್ಲ ಕೇಳುತ್ತೇನೆ. "ಭಾಳೇನಿಲ್ರೀ, ನಾಕೈದು ಕೊಡ" ಎನ್ನುತ್ತಾರೆ. ಅದು ಕುಡಿಯುವ, ಅಡಿಗೆಯ ನೀರು ಮಾತ್ರ. ಹೊತ್ತು ತಂದ ನೀರು ನೆನಪಿನಲ್ಲಿರುತ್ತದೆ. ನಳದಿಂದ ತಾನಾಗಿ ಹರಿದದ್ದು ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಒಂದು ವಾರ ಹೀಗೆ ಮಾಡಿ ನೋಡಿರಿ. ನಳದ ನೀರನ್ನೆಲ್ಲ ಕೊಡದಲ್ಲೇ ಹಿಡಿಯಿರಿ. ಗೋಡೆಯ ಮೇಲೆ ಇದ್ದಲಿಯಿಂದ ಅಡಿಗೆ, ಸ್ನಾನ, ಬಟ್ಟೆ-ಪಾತ್ರೆ, ದನಕರು ಎಂದು ನಾಲ್ಕು ಸಾಲು ಬರೆದು, ಕೊಡಕ್ಕೊಂದು ಗೆರೆ ಎಳೆಯಿರಿ. ಶಾಲೆಗೆ ಹೋಗುವ ಮಗು ಎಣಿಸಲಿ. ಜಲಜೀವನ್ ಮಿಷನ್ನಿನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರು ಎಂದು ಲೆಕ್ಕ. ಆರು ಜನರ ಮನೆಗೆ 330 ಲೀಟರು. 15 ಲೀಟರಿನ ಕೊಡವಾದರೆ ದನಗಳದ್ದು ಬಿಟ್ಟು 22 ಗೆರೆ.

ಉದ್ದವಾದ ಸಾಲು ಯಾವುದೋ ಅಲ್ಲಿ ಕೈ ಬಿಗಿ ಹಿಡಿಯಿರಿ. ಕುಡಿಯುವ ನೀರು ಮಾತ್ರ ಕಡಿಮೆ ಮಾಡಬೇಡಿರಿ. ಪಾತ್ರೆಯನ್ನು ಹರಿಯುವ ನಳದ ಕೆಳಗೆ ತೊಳೆಯದೆ ಬೋಗುಣಿಯಲ್ಲಿ ತೊಳೆಯಿರಿ. ಬಟ್ಟೆ ಜಾಲಿಸಿದ ನೀರನ್ನು ಬಾಳೆಗೆ ಬಿಡಿರಿ. ದನದ ಮೈ ತೊಳೆಯಲು ಪೈಪು ಬೇಡ, ಬಕೆಟ್ ಸಾಕು. ತೊಟ್ಟಿಕ್ಕುವ ನಳದ ಕೆಳಗೆ ರಾತ್ರಿ ಒಂದು ಕೊಡ ಇಡಿರಿ. ಎಷ್ಟು ಹೋಗುತ್ತದೆಂದು ಬೆಳಿಗ್ಗೆ ತಿಳಿದೀತು. ಆಮೇಲೆ ವಾಶರ್ ಹಾಕಿಸಲು ತಡಮಾಡಲಾರಿರಿ.

ಅಣ್ಣಗಳಿರಾ, ಹೊಲದ ಲೆಕ್ಕವನ್ನೂ ಇದರ ಮಗ್ಗುಲಲ್ಲಿ ಬರೆಯಿರಿ. ಒಂದೆಕರೆ ಕಬ್ಬಿಗೆ ಒಂದೇ ಇಂಚು ನೀರು ಹೆಚ್ಚಿಗೆ ಬಿಟ್ಟರೆ ಅದು ಒಂದು ಲಕ್ಷ ಲೀಟರಿಗೂ ಮೇಲು. ಅಂದರೆ ಆ ಆರು ಜನರ ಮನೆಗೆ ಹತ್ತು ತಿಂಗಳ ನೀರು! ಮೇಲಾಗಿ ಹೆಚ್ಚಿನ ನೀರಿನಿಂದ ಎರೆಭೂಮಿ ಸವುಳು-ಜವುಳಾಗುತ್ತದೆ. ಕರೆಂಟು ಬಂತೆಂದು ಪಂಪು ಹಚ್ಚಿ ಮಲಗಬೇಡಿರಿ. ಗೇಣುದ್ದ ತೋಡಿ ಮಣ್ಣು ಹಿಡಿದು ನೋಡಿರಿ. ತಂಪಾಗಿ ಉಂಡೆ ಕಟ್ಟಿದರೆ ಇನ್ನೂ ಕಾಯಿರಿ. ರವದಿ ಸುಡದೆ ಸಾಲಿನಲ್ಲಿ ಹಾಸಿರಿ, ತೇವ ಉಳಿಯುತ್ತದೆ. ಅನುಕೂಲವಿದ್ದವರು ಹನಿ ನೀರಾವರಿ ಮಾಡಿಕೊಳ್ಳಿರಿ.

ಅಳೆಯದೆ ಉಳಿಸಲು ಬರುವುದಿಲ್ಲ. ಬೇಸಿಗೆಯ ದಾರಿ ಕಾಯದೆ ಇಂದೇ ಒಂದು ಇದ್ದಲಿ ಹುಡುಕಿಕೊಳ್ಳಿರಿ.