ಕಾಲ ಕೆಳಗಿನ ಕಲ್ಲಿಗೆ ಪಾಠ ಎಲ್ಲಿದೆ?

ರಾಯಚೂರಿನಿಂದ ಗದ್ವಾಲ ರಸ್ತೆ ಹಿಡಿದು ನಂದಿನ್ನೆ ದಾಟಿ ಕೆ.ಟಿ. ದೊಡ್ಡಿಗೆ ಬರುವಾಗ ರಾಜ್ಯ ಬದಲಾದದ್ದು ಬೋರ್ಡು ನೋಡಿದರಷ್ಟೇ ತಿಳಿಯುತ್ತದೆ. ಬೋರ್ಡು ತೆಲುಗು, ಅಂಗಡಿಯೊಳಗಿನ ವ್ಯವಹಾರ ಎರಡೂ ಭಾಷೆ. ಹೊಲದ ನಡುವಿನ ಗುಂಡುಕಲ್ಲು ಮಾತ್ರ ಆ ಕಡೆ ಹೇಗೋ ಈ ಕಡೆಯೂ ಹಾಗೇ.

ಈ ಕಲ್ಲಿನ ಬಗ್ಗೆ ನನಗೆ ಬುದ್ಧಿ ಬಂದದ್ದು ದುಡ್ಡು ಕಳಕೊಂಡ ಮೇಲೆ. ಹತ್ತಿಬೀಜದ ಬೆಳೆಗೆ ನೀರು ಸಾಲದೆ ಬೋರು ಹಾಕಿಸಿದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದವರೊಬ್ಬರು ಪಾಯಿಂಟ್ ತೋರಿಸಿದರು. ಕಾಯಿ ಎದ್ದು ನಿಂತಿತು, ನೀರು ಏಳಲಿಲ್ಲ. ನೂರು ಅಡಿ ದಾಟಿದ ಮೇಲೆ ಬಂದದ್ದೆಲ್ಲ ಬೂದು ಬಣ್ಣದ ಒಣ ಹುಡಿ. "ಇನ್ನೊಂದು ನೂರು ಅಡಿ ಹೋಗ್ಲಿ ಬಿಡ್ರಿ ಗೌಡ್ರೆ" ಅಂದರು. ಹೋಗಲಿ ಅಂದೆ. ಮತ್ತೊಂದು ನೂರು ಅಂದರು, ಅದಕ್ಕೂ ಹೂಂ ಅಂದೆ. ಹುಡಿ ಮಾತ್ರ ಅದೇ ಹುಡಿ. ಬೀಜದ ಬೆಳೆಯೂ ಹೋಯಿತು, ಸಾಲವೂ ಉಳಿಯಿತು.

ಹಬ್ಬಕ್ಕೆ ಬಂದಿದ್ದ ನನ್ನ ಅಕ್ಕನ ಮಗ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದುವವನು. ಬೋರಿನ ಪಕ್ಕದ ಗುಡ್ಡೆಯಿಂದ ಒಂದು ಹಿಡಿ ಹುಡಿ ತೆಗೆದು ನೋಡಿದ. "ಮಾಮಾ, ಇಂಥಾ ಒಣ ಹುಡಿ ಬರಾಕತ್ತೈತಿ ಅಂದ್ರ ಕೆಳಗ ಅಖಂಡ ಕಲ್ಲು. ಬಿರುಕೇ ಇಲ್ಲಂದ್ರ ನೀರು ಎಲ್ಲಿ ನಿಲ್ಲಬೇಕು?" ಎಂದ. ಇಷ್ಟು ಸರಳ ಮಾತನ್ನು ನನಗೆ ಹತ್ತನೆಯ ತರಗತಿಯವರೆಗೆ ಯಾರೂ ಹೇಳಿರಲಿಲ್ಲ.

ಕಲ್ಲಿನ ಲೆಕ್ಕ

ನಮ್ಮ ಸೀಮೆಯ ಗ್ರಾನೈಟ್ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಮರಳಿನ ಹಾಗೆ ಇದು ನೀರು ಹೀರುವುದಿಲ್ಲ. ಮೇಲಿನ ಗರಸಿನಲ್ಲಿ, ಅಂದರೆ ಕೊಳೆತ ಕಲ್ಲಿನಲ್ಲಿ, ಒಂದಿಷ್ಟು ನೀರು. ಅದರ ಕೆಳಗಿನ ಬಿರುಕುಗಳಲ್ಲಿ ಇನ್ನೊಂದಿಷ್ಟು. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕೂ ಕಡಿಮೆಯಾಗುತ್ತದೆ. ಹೊಲಗಳ ನಡುವೆ ಸಾಲಾಗಿ ಹೋಗುವ ಕರಿಗಲ್ಲಿನ ದಿಣ್ಣೆಗಳಿಗೆ ಡೈಕ್ ಎನ್ನುತ್ತಾರೆ. ಅವು ಎಷ್ಟೋ ಕಡೆ ನೆಲದೊಳಗೆ ಒಡ್ಡು ಕಟ್ಟಿದ ಹಾಗೆ ನೀರನ್ನು ತಡೆದು ನಿಲ್ಲಿಸುತ್ತವೆ. ನೆಲಕ್ಕೆ ವಿದ್ಯುತ್ ಹರಿಸಿ ಗರಸು ಎಷ್ಟು ಆಳ ಇದೆಯೆಂದು ಅಂದಾಜು ಮಾಡುವ ಪರೀಕ್ಷೆಯೂ ಇದೆ. ಅದು ಕೂಡ ಖಾತ್ರಿ ಕೊಡುವುದಿಲ್ಲ, ಆದರೆ ತೆಂಗಿನಕಾಯಿಗಿಂತ ಮೇಲು.

ಕಲ್ಲು ಓದಿದವರು

ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಮಹಬೂಬನಗರಕ್ಕೆ ಸೇರಿದವು. 2016ರಲ್ಲಿ ಗದ್ವಾಲವೇ ಜಿಲ್ಲಾ ಕೇಂದ್ರವಾಯಿತು. ಕಲ್ಲಿಗೆ ಈ ಸುದ್ದಿ ಮುಟ್ಟಿಲ್ಲ. ಭೂವಿಜ್ಞಾನಿಗಳ ನಕಾಶೆಯಲ್ಲಿ ಹಟ್ಟಿಯ ಪಟ್ಟಿಯೂ ಗದ್ವಾಲದ ಪಟ್ಟಿಯೂ ಒಂದೇ ಧಾರವಾಡ ಶಿಲಾ ಕುಟುಂಬದವು.

ಆ ಕುಟುಂಬಕ್ಕೆ ಧಾರವಾಡದ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿ, ದಕ್ಷಿಣದ ಕಲ್ಲು ಓದುತ್ತಲೇ ಆದಿಮಾನವನ ಕಲ್ಲಿನ ಕೊಡಲಿಗಳನ್ನೂ ಹುಡುಕಿದರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದದ್ದೂ ಅವರ ಕೈಯಲ್ಲೇ. ಮುಂದೆ ಅದೇ ಇಲಾಖೆಯಲ್ಲಿ ಬೆಳೆದ ಬಿ.ಪಿ. ರಾಧಾಕೃಷ್ಣ ಅವರು 1958ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭೂವಿಜ್ಞಾನ ಸಂಘಕ್ಕೆ ಜೀವ ತೇಯ್ದರು.

ಆದರೆ ಅವರೆಲ್ಲರಿಗಿಂತ ಮೊದಲು ನಮ್ಮವರೇ ಈ ಕಲ್ಲು ಓದಿದ್ದರು. ಹಟ್ಟಿಯಲ್ಲಿ ಬೆಣಚುಕಲ್ಲಿನ ಎಳೆ ಹಿಡಿದು ಸುಮಾರು 2000 ವರ್ಷದ ಹಿಂದೆಯೇ 600 ಅಡಿಯವರೆಗೆ ಇಳಿದಿದ್ದರು. ಬೆಂಕಿ ಹಚ್ಚಿ ಬಂಡೆ ಕಾಯಿಸಿ ಸೀಳುತ್ತಿದ್ದರು. ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರಿಗೆ. ಗದ್ವಾಲ ಭಾಗದ ಸಿದ್ದನಪಲ್ಲಿಯಲ್ಲಿ, ನಾರಾಯಣಪೇಟೆ ಕಡೆಯ ಕೋಟಕೊಂಡದಲ್ಲಿ ವಜ್ರದ ತಾಯಿಕಲ್ಲಾದ ಕಿಂಬರ್ಲೈಟ್ ಗುರುತಿಸಿದ್ದಾರೆ. ಕಿಂಬರ್ಲೈಟ್ ಇದ್ದಲ್ಲೆಲ್ಲ ವಜ್ರ ಇರುತ್ತದೆಂದೇನಿಲ್ಲ, ಯಾರೂ ಗುದ್ದಲಿ ಹಿಡಿಯಬೇಡಿ!

ಪಾಠದಲ್ಲಿ ಊರಿಲ್ಲ

ಇಷ್ಟೆಲ್ಲ ಇರುವ ಸೀಮೆಯ ಮಕ್ಕಳಿಗೆ ಸಿಗುವುದೇನು? ಭೂಗೋಳದಲ್ಲಿ ಒಂದೆರಡು ಪಾಠ, ಮೂರು ವಿಧದ ಶಿಲೆಗಳ ಹೆಸರು, ಪರೀಕ್ಷೆಗೆ ನಾಲ್ಕು ಅಂಕ. ಕನ್ನಡ ಓದುವವನು 'ಶಿಲಾಗೋಳ' ಬಾಯಿಪಾಠ ಮಾಡುತ್ತಾನೆ, ತೆಲುಗು ಓದುವವಳು 'ಶಿಲಾವರಣಂ'. ಇವರ ಅಜ್ಜನ ಕಾಲದಲ್ಲಿ ಹೈದರಾಬಾದಿನ ಉಸ್ಮಾನಿಯಾದಲ್ಲಿ ವಿಜ್ಞಾನವನ್ನು ಉರ್ದುವಿನಲ್ಲಿ ಕಲಿಸುತ್ತಿದ್ದರು. ಉರ್ದುವಿನಲ್ಲಿ ಭೂವಿಜ್ಞಾನಕ್ಕೆ 'ಅರ್ಜಿಯಾತ್' ಅನ್ನುತ್ತಾರೆ. ಹೆಸರು ಮೂರು ಬದಲಾದವು, ಹೊಲದ ಕಲ್ಲು ಒಮ್ಮೆಯೂ ತರಗತಿಯೊಳಗೆ ಬರಲಿಲ್ಲ. ಕರ್ನಾಟಕದ ಪಿಯುಸಿಯಲ್ಲಿ ಭೂಗರ್ಭಶಾಸ್ತ್ರ ಐಚ್ಛಿಕ ವಿಷಯ. ಅದನ್ನು ತೆಗೆದುಕೊಳ್ಳುವವರನ್ನು ನಮ್ಮ ಕಡೆ ಹುಡುಕಬೇಕು. "ಅದನ್ನ ಓದಿ ಏನ್ ಮಾಡ್ತೀ?" ಅನ್ನುವವರು ನಾವೇ.

ದೊಡ್ಡ ಖರ್ಚು ಬೇಡ. ಪ್ರತಿ ಶಾಲೆಯಲ್ಲಿ ಊರಿನ ಕಲ್ಲು, ಮಣ್ಣು ಇಡಲು ಒಂದು ಹಲಗೆ ಇರಲಿ. ಮಸಾರಿ, ಎರಿ, ಗರಸು ಎಂಬ ನಮ್ಮ ಮಾತಿನ ಪಕ್ಕ ಪುಸ್ತಕದ ಹೆಸರನ್ನು ಎರಡೂ ಭಾಷೆಯಲ್ಲಿ ಬರೆಯಲಿ. ಊರಲ್ಲಿ ಬೋರು ಬಿದ್ದಾಗ ಎಷ್ಟು ಅಡಿಗೆ ಗರಸು, ಎಷ್ಟಕ್ಕೆ ಕಲ್ಲು, ಎಷ್ಟಕ್ಕೆ ನೀರು ಎಂದು ಮಕ್ಕಳೇ ಬರೆದಿಡಲಿ. ಹತ್ತು ವರ್ಷದಲ್ಲಿ ಅದು ಊರಿನ ಆಸ್ತಿಯಾಗುತ್ತದೆ. ಏನಂತೀರಿ?

ಮುಂದಿನ ಬೋರಿಗೆ ನಾನೇ ಮೊದಲು ಮಾಡಿದೆ. ಹತ್ತತ್ತು ಅಡಿಗೊಂದರಂತೆ ಹುಡಿಯನ್ನು ಬಾಟಲಿಗಳಲ್ಲಿ ತುಂಬಿ ಊರ ಶಾಲೆಗೆ ಕೊಟ್ಟೆ. ಒಬ್ಬ ಹುಡುಗಿ ಸಾಲಾಗಿ ನೋಡುತ್ತಾ ಬಂದು, ಕಂದು ಬಣ್ಣದ ಹರಳಿದ್ದ ಬಾಟಲಿಯ ಮುಂದೆ ನಿಂತು, "ಕಾಕಾ, ಇಲ್ಲೇ ಏನ್ರಿ ನೀರು ಬಂದಿದ್ದು?" ಎಂದು ಕೇಳಿದಳು.

ಅಲ್ಲೇ ಬಂದಿತ್ತು. ಒಂದೂವರೆ ಇಂಚು.