ಹಿಂಗಾಲಿನ ಉಗುರು ಸವೆದಿದೆಯೇ?

ವಯಸ್ಸಾದ ನಾಯಿ ಕಾಲೆಳೆದು ನಡೆದರೆ ಮುಪ್ಪೆಂದು ಸುಮ್ಮನಾಗುವವರೇ ಹೆಚ್ಚು. ಅದು ಬೆನ್ನುಹುರಿಯ ರೋಗವೂ ಆಗಿರಬಹುದು. ಗುಣಪಡಿಸುವ ಔಷಧ ಇನ್ನೂ ಇಲ್ಲದ ಈ ರೋಗವನ್ನು ಗುರುತಿಸುವ, ನಾಯಿಯನ್ನು ಮನೆಯಲ್ಲೇ ನೋಡಿಕೊಳ್ಳುವ ವಿದ್ಯೆಯ ಪರಿಚಯ ಇಲ್ಲಿದೆ.

ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನ, ಕೆಲಗೇರಿ ಕೆರೆಯ ದಂಡೆ, ಹುಬ್ಬಳ್ಳಿಯ ಉಣಕಲ್ ಕೆರೆಯ ಸುತ್ತಲಿನ ದಾರಿ, ಎಲ್ಲಿಗೆ ಹೋದರೂ ಬೆಳಿಗ್ಗೆ ನಾಯಿ ಹಿಡಿದು ವಾಕಿಂಗ್ ಬರುವವರು ಸಿಗುತ್ತಾರೆ. ವಿದ್ಯಾನಗರ, ಕೇಶ್ವಾಪುರ, ಮಾಳಮಡ್ಡಿ, ಸಪ್ತಾಪುರದ ಮನೆಗಳಿಗೆ ಹತ್ತು ವರ್ಷದ ಹಿಂದೆ ಮರಿಯಾಗಿ ಬಂದ ಜರ್ಮನ್ ಶೆಫರ್ಡ್, ಬಾಕ್ಸರ್, ಲ್ಯಾಬ್ರಡಾರ್‌ಗಳು ಈಗ ಅಜ್ಜ–ಅಜ್ಜಿಯರು. ಹಿಂಭಾಗ ಓಲಾಡಿಸುತ್ತ ಬರುವ ಇಂಥ ನಾಯಿಯ ಬಗ್ಗೆ ಕೇಳಿದರೆ ಬರುವ ಉತ್ತರ ಒಂದೇ: ‘ವಯಸ್ಸಾತಲ್ರೀ, ಕಾಲಾಗ ಕಸುವಿಲ್ಲ.’

ವಯಸ್ಸಾಗಿದ್ದು ನಿಜ. ಆದರೆ ಕಾಲಿನ ಕಸುವು ಹೋಗಲು ವಯಸ್ಸೊಂದೇ ಕಾರಣವಲ್ಲ. ಸಂಧಿವಾತ, ಸೊಂಟದ ಕೀಲಿನ ದೋಷ, ಬೆನ್ನಿನ ಡಿಸ್ಕ್ ಜರುಗುವುದು, ಗೆಡ್ಡೆ, ಉಣ್ಣಿಗಳಿಂದ ಬರುವ ಸೋಂಕು – ಹೀಗೆ ಪಟ್ಟಿ ಉದ್ದವಿದೆ. ಆ ಪಟ್ಟಿಯಲ್ಲಿ ನಮ್ಮ ಕಡೆ ಅತಿ ಕಡಿಮೆ ಕೇಳಿಬರುವ ಹೆಸರು ‘ಡಿಜೆನೆರೇಟಿವ್ ಮೈಲೋಪತಿ’. ಪಶುವೈದ್ಯರು ಇದನ್ನು ಚುಟುಕಾಗಿ ಡಿಎಂ ಎನ್ನುತ್ತಾರೆ. ಬೆನ್ನುಹುರಿಯೊಳಗಿನ ನರತಂತುಗಳು ನಿಧಾನವಾಗಿ ಕ್ಷಯಿಸುತ್ತ ಹೋಗುವ ರೋಗವಿದು.

ನೋವಿಲ್ಲದ ರೋಗ

ಮುದಿ ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಕಾಣುವ ಈ ಕಾಯಿಲೆಯನ್ನು ಅಮೆರಿಕದ ಪಶುವೈದ್ಯ ಡೇಮನ್ ಅವೆರಿಲ್ 1973ರಲ್ಲಿ ವಿವರಿಸಿದರು. ಬಹುಕಾಲ ಅದು ಆ ಒಂದು ತಳಿಯ ರೋಗವೆಂದೇ ನಂಬಿಕೆಯಿತ್ತು. ಬಾಕ್ಸರ್, ಪೆಂಬ್ರೋಕ್ ವೆಲ್ಶ್ ಕೋರ್ಗಿ, ರೊಡೇಷಿಯನ್ ರಿಜ್‌ಬ್ಯಾಕ್ ಮುಂತಾದ ತಳಿಗಳಲ್ಲೂ ಅದು ಇದೆಯೆಂಬುದು ಆಮೇಲೆ ತಿಳಿಯಿತು. ಸಾಮಾನ್ಯವಾಗಿ ಎಂಟು ವರ್ಷ ದಾಟಿದ ಮೇಲೆ ತಲೆದೋರುತ್ತದೆ. ಕೋರ್ಗಿಯಂಥ ಗಿಡ್ಡ ನಾಯಿಗಳಲ್ಲಿ ಇನ್ನೂ ತಡ, ಸುಮಾರು ಹನ್ನೊಂದನೆಯ ವರ್ಷದ ಹೊತ್ತಿಗೆ.

ರೋಗ ಶುರುವಾಗುವುದು ಬೆನ್ನಿನ ನಡುಭಾಗದ ಹುರಿಯಲ್ಲಿ. ಹೆಜ್ಜೆ ಎಲ್ಲಿದೆ ಎಂಬ ಸುದ್ದಿಯನ್ನು ಕಾಲಿನಿಂದ ಮಿದುಳಿಗೆ ಒಯ್ಯುವ ತಂತುಗಳೂ, ಹೆಜ್ಜೆ ಎತ್ತೆಂಬ ಆಜ್ಞೆಯನ್ನು ಮಿದುಳಿನಿಂದ ಕಾಲಿಗೆ ತರುವ ತಂತುಗಳೂ ಅಲ್ಲಿಂದಲೇ ಹಾಯ್ದುಹೋಗುತ್ತವೆ. ಅವುಗಳ ಮೇಲಿನ ಕೊಬ್ಬಿನ ಕವಚ ಕರಗಿ, ತಂತುಗಳೂ ಸಾಯುತ್ತ ಬರುತ್ತವೆ. ಆಗ ನಾಯಿಗೆ ತನ್ನ ಹಿಂಗಾಲು ಎಲ್ಲಿದೆ ಎಂಬುದರ ಅರಿವೇ ತಪ್ಪುತ್ತದೆ. ತಿರುಗುವಾಗ ಕಾಲಿಗೆ ಕಾಲು ತೊಡರುತ್ತದೆ, ಹಿಂಭಾಗ ಒಂದು ಪಕ್ಕಕ್ಕೆ ವಾಲುತ್ತದೆ. ಆದರೆ ನಾಯಿ ಕುಂಯ್ ಎನ್ನುವುದಿಲ್ಲ, ಮುಟ್ಟಿದರೆ ಗುರ್ ಎನ್ನುವುದಿಲ್ಲ, ಊಟ ಬಿಡುವುದಿಲ್ಲ. ಈ ರೋಗದಲ್ಲಿ ನೋವಿಲ್ಲ. ಮನೆಯವರು ತಡವಾಗಿ ಎಚ್ಚರಗೊಳ್ಳುವುದು ಇದೇ ಕಾರಣಕ್ಕೆ.

ಆದ್ದರಿಂದ ಮೊದಲು ನೋಡಬೇಕಾದ್ದು ಹಿಂಗಾಲಿನ ಉಗುರು. ಪಾದ ಪೂರ್ತಿ ಎತ್ತದೆ ಎಳೆದು ನಡೆಯುವ ನಾಯಿಗೆ ನಡುವಿನ ಎರಡು ಬೆರಳುಗಳ ಉಗುರು ಉಳಿದವುಗಳಿಗಿಂತ ಮೊಂಡಾಗಿರುತ್ತದೆ, ಕೆಲವೊಮ್ಮೆ ರಕ್ತ ಒಸರುವಷ್ಟು ಸವೆದಿರುತ್ತದೆ. ಡಾಂಬರು ರಸ್ತೆಯ ಮೇಲೆ ಹೊರಟಾಗ ಕಿವಿಗೊಟ್ಟರೆ ಉಗುರು ಕೆರೆಯುವ ಸದ್ದು ಕೇಳುತ್ತದೆ. ಒಂದು ಕಾಲಿನದು ಜೋರಾಗಿ, ಇನ್ನೊಂದರದು ಮೆಲ್ಲಗೆ, ಏಕೆಂದರೆ ರೋಗ ಶುರುವಿನಲ್ಲಿ ಎರಡೂ ಕಾಲನ್ನು ಸಮನಾಗಿ ಹಿಡಿಯುವುದಿಲ್ಲ.

ಪಶುವೈದ್ಯರ ಕೈಯಲ್ಲಿ

ಪಶುವೈದ್ಯರು ಮಾಡುವ ಒಂದು ಪರೀಕ್ಷೆಗೆ ಯಾವ ಯಂತ್ರವೂ ಬೇಕಿಲ್ಲ. ನಾಯಿಯನ್ನು ಜಾರದ ನೆಲದ ಮೇಲೆ ನಿಲ್ಲಿಸಿ, ಒಂದು ಕೈಯಿಂದ ಹೊಟ್ಟೆಯ ಕೆಳಗೆ ಆಧಾರ ಕೊಡುತ್ತಾರೆ. ಇನ್ನೊಂದು ಕೈಯಿಂದ ಹಿಂಗಾಲಿನ ಪಾದವನ್ನು ಮಗುಚಿ, ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡುತ್ತಾರೆ. ನರ ಸರಿಯಿರುವ ನಾಯಿ ಕೈ ಬಿಡುವುದರೊಳಗೇ ಪಾದವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಬೆನ್ನುಹುರಿಯಲ್ಲಿ ತೊಂದರೆಯಿರುವ ನಾಯಿ ತಡಮಾಡುತ್ತದೆ, ಇಲ್ಲವೇ ಮಗುಚಿದ ಪಾದದ ಮೇಲೆಯೇ ನಿಂತಿರುತ್ತದೆ. ಸಂಧಿವಾತವೊಂದೇ ಇರುವ ನಾಯಿ ನೋವಿನಿಂದ ಕುಂಟಿದರೂ ಪಾದವನ್ನು ತಕ್ಷಣ ತಿರುಗಿಸಿಕೊಳ್ಳುತ್ತದೆ. ಮುಪ್ಪಿನ ಕುಂಟು ಯಾವುದು, ನರದ ದೌರ್ಬಲ್ಯ ಯಾವುದು ಎಂಬುದರ ಮೊದಲ ಸುಳಿವು ಸಿಗುವುದು ಇಲ್ಲಿಯೇ.

ಅಲ್ಲಿಂದ ಮುಂದೆ ಉಳಿದ ಕಾರಣಗಳನ್ನು ಒಂದೊಂದಾಗಿ ಬದಿಗೆ ಸರಿಸುತ್ತ ಹೋಗಬೇಕು. ಡಿಸ್ಕ್ ಜರುಗಿದ್ದರೆ ಸಾಮಾನ್ಯವಾಗಿ ನೋವಿರುತ್ತದೆ, ತೊಂದರೆ ಗಂಟೆಗಳಲ್ಲೋ ದಿನಗಳಲ್ಲೋ ಬಿಗಡಾಯಿಸುತ್ತದೆ. ಹುರಿಯ ರಕ್ತನಾಳ ಕಟ್ಟಿದರೆ ಕಾಲು ಒಮ್ಮೆಲೇ ಬೀಳುತ್ತದೆ. ಡಿಎಂ ವಾರ, ತಿಂಗಳುಗಳ ಲೆಕ್ಕದಲ್ಲಿ ಸದ್ದಿಲ್ಲದೆ ಮುಂದುವರಿಯುತ್ತದೆ. ಎಕ್ಸ್‌ರೇ, ರಕ್ತಪರೀಕ್ಷೆ ನಮ್ಮೂರಲ್ಲೇ ಆಗುತ್ತವೆ. ಬೆನ್ನುಹುರಿಯನ್ನು ನೇರವಾಗಿ ನೋಡಲು ಎಂಆರ್‌ಐ ಬೇಕು. ನಾಯಿಗೆ ಅದನ್ನು ಮಾಡಿಸುವುದೆಂದರೆ ಸಾಮಾನ್ಯವಾಗಿ ಬೆಂಗಳೂರಿನಂಥ ದೊಡ್ಡ ಊರಿನ ಮಾತು. ಹತ್ತಿರದ ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೆಂಗಳೂರಿನ ಹೆಬ್ಬಾಳದಲ್ಲಿ ರಾಜ್ಯದ ಹಳೆಯ ಕಾಲೇಜಿದೆ. ಎಲ್ಲಿಗೆ, ಯಾವಾಗ ಕರೆದೊಯ್ಯಬೇಕೆಂಬುದನ್ನು ನಿಮ್ಮ ಪಶುವೈದ್ಯರೇ ಹೇಳಲಿ. ಬದುಕಿರುವ ನಾಯಿಯಲ್ಲಿ ಡಿಎಂ ಎಂಬುದನ್ನು ನೂರಕ್ಕೆ ನೂರು ಖಚಿತಪಡಿಸುವ ಪರೀಕ್ಷೆ ಇಲ್ಲ. ಸತ್ತ ಮೇಲೆ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಕೊನೆಯ ಮಾತು. ಹಾಗಿದ್ದರೂ ವಾಸಿಯಾಗಬಲ್ಲ ಕಾರಣವೊಂದು ಕಣ್ತಪ್ಪಬಾರದೆಂಬುದಕ್ಕಾಗಿಯೇ ಈ ಎಲ್ಲ ಹುಡುಕಾಟ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಲಸಿಕೆ ಹಾಕಿಸದ ನಾಯಿಯ ಹಿಂಗಾಲು ಒಮ್ಮೆಲೇ ಸೋತು, ಜೊಲ್ಲು ಸುರಿಸುತ್ತಿದ್ದರೆ, ಸ್ವಭಾವವೂ ಬದಲಾಗಿದ್ದರೆ ಅದು ರೇಬೀಸ್ ಇರಬಹುದು. ಅದರ ಬಾಯಿಗೆ ಕೈ ಹಾಕದೆ, ಮಕ್ಕಳನ್ನು ದೂರವಿಟ್ಟು, ತಕ್ಷಣ ಪಶುವೈದ್ಯರಿಗೆ ತಿಳಿಸಿ.

ಮನುಷ್ಯರ ರೋಗದ ನಂಟು

2009ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯ ಮತ್ತು ಬ್ರಾಡ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಡಿಎಂನ ಹಿಂದಿರುವ ವಂಶವಾಹಿ ದೋಷವನ್ನು ಪತ್ತೆಹಚ್ಚಿದರು. ಎಸ್‌ಒಡಿ1 ಎಂಬ ಆ ವಂಶವಾಹಿ ವೈದ್ಯಲೋಕಕ್ಕೆ ಹೊಸದೇನಲ್ಲ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿದ ಎಎಲ್‌ಎಸ್ ರೋಗ ವಂಶಪಾರಂಪರ್ಯವಾಗಿ ಬರುವ ಕೆಲವು ಕುಟುಂಬಗಳಲ್ಲಿ ಇದೇ ವಂಶವಾಹಿ ಕೆಟ್ಟಿರುವುದು 1993ರಲ್ಲೇ ತಿಳಿದಿತ್ತು. ಅಂಥ ರೋಗಿಗಳಿಗೆಂದು ತಯಾರಾದ ಟೊಫರ್ಸೆನ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿತು. ನಾಯಿಗಳಿಗೆ ಇನ್ನೂ ಅಂಥ ಮದ್ದಿಲ್ಲ. ಆದರೆ ಮುದಿ ನಾಯಿಯೊಂದರ ಬೆನ್ನುಹುರಿಯಲ್ಲಿ ನಡೆಯುವುದು ಮನುಷ್ಯರ ರೋಗವನ್ನು ಅರಿಯಲೂ ದಾರಿಯಾಗಿದೆ.

ತಾಯಿ–ತಂದೆ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದ ನಾಯಿಗೆ ಅಪಾಯ ಹೆಚ್ಚು. ಎರಡು ಪ್ರತಿ ಇದ್ದೂ ರೋಗವೇ ಬಾರದೆ ಬದುಕು ಮುಗಿಸುವ ನಾಯಿಗಳೂ ಇವೆ. ಒಂದೊಂದೇ ಪ್ರತಿಯಿರುವ ಗಂಡು–ಹೆಣ್ಣನ್ನು ಕೂಡಿಸಿದರೆ ಪ್ರತಿ ಮರಿಗೂ ಎರಡು ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೆನ್ನೆಯ ಒಳಗಿನ ದ್ರವ ಅಥವಾ ತುಸು ರಕ್ತದಿಂದ ಇದನ್ನು ಪರೀಕ್ಷಿಸಬಹುದು. ಮುಧೋಳ ಬೇಟೆನಾಯಿಯ ಅಂಚೆಚೀಟಿ 2005ರಲ್ಲಿ ಹೊರಬಂದಾಗ ಹೆಮ್ಮೆಪಟ್ಟ ಸೀಮೆ ನಮ್ಮದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಆ ತಳಿಗೆಂದೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ತಳಿಯ ಬೆಲೆ ಬಲ್ಲ ಇಂಥ ನಾಡಿನಲ್ಲಿ, ಮರಿ ಕೊಳ್ಳುವವರು ಬಣ್ಣ, ಎತ್ತರ, ಸರ್ಟಿಫಿಕೇಟಿನ ಜೊತೆಗೆ ತಾಯಿ–ತಂದೆಯ ಆರೋಗ್ಯವನ್ನೂ ಕೇಳುವ ರೂಢಿ ಬರಬೇಕು. ಕೊಳ್ಳುವವರು ಕೇಳಿದರೆ ಮಾರುವವರೂ ಪರೀಕ್ಷೆ ಮಾಡಿಸುತ್ತಾರೆ.

ಮನೆಯವರ ಕೈಗುಣ

ಔಷಧವಿಲ್ಲ ಎಂದರೆ ಮಾಡುವುದೇನೂ ಇಲ್ಲ ಎಂದಲ್ಲ. ಸ್ವಿಟ್ಜರ್ಲೆಂಡಿನ ಪಶುವೈದ್ಯರ ತಂಡವೊಂದು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಎಂ ಶಂಕೆಯಿದ್ದ 22 ನಾಯಿಗಳಿದ್ದವು. ದಿನವೂ ಚೆನ್ನಾಗಿ ವ್ಯಾಯಾಮ ಪಡೆದವು ಸರಾಸರಿ 255 ದಿನ ಬದುಕಿದವು. ಸಾಧಾರಣ ವ್ಯಾಯಾಮ ಪಡೆದವು 130 ದಿನ, ಏನೂ ಇಲ್ಲದವು 55 ದಿನ. ನಾಯಿಗಳ ಸಂಖ್ಯೆ ಚಿಕ್ಕದು, ಆದರೂ ಅಂತರ ದೊಡ್ಡದು. ನಡಿಗೆ ನಿಲ್ಲಿಸಿ ಮೂಲೆಯಲ್ಲಿ ಮಲಗಿಸುವುದು ಕನಿಕರವಲ್ಲ ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ಉದ್ದ ವಾಕಿಂಗ್ ಬದಲು ಐದು–ಹತ್ತು ನಿಮಿಷದ ನಿಧಾನ ನಡಿಗೆ, ದಿನಕ್ಕೆ ನಾಲ್ಕೈದು ಸಲ. ಹುಲ್ಲು, ಮಣ್ಣಿನ ನೆಲ ಒಳ್ಳೆಯದು. ಮಲಗಿದಾಗ ಹಿಂಗಾಲಿನ ಒಂದೊಂದು ಕೀಲನ್ನೂ ಮೆಲ್ಲಗೆ ಮಡಚಿ ಬಿಡಿಸುವುದು, ತೊಡೆಯ ಸ್ನಾಯು ನೀವುವುದು. ನೀರಿನಲ್ಲಿ ನಡೆಸುವುದೂ ಉಪಯುಕ್ತ, ಆದರೆ ತಿಳಿದವರ ಕಣ್ಣೆದುರಿಗೆ ಮಾತ್ರ. ಕಾಲು ಸೋತ ನಾಯಿಯನ್ನು ಕೆರೆಗೆ ಇಳಿಸಬೇಡಿ.

ನಮ್ಮ ಮನೆಗಳಲ್ಲಿ ಈ ನಾಯಿಯ ಮೊದಲ ಶತ್ರು ನೆಲ. ಹೊಸ ಮನೆಯ ಗ್ರಾನೈಟು, ಟೈಲ್ಸು, ಹಳೆ ಮನೆಯ ನುಣುಪಾದ ಫರಸಿ ಕಲ್ಲು, ಎಲ್ಲವೂ ಜಾರುತ್ತವೆ. ಒಮ್ಮೆ ಜಾರಿ ಕಾಲು ಅಗಲಿಸಿ ಬಿದ್ದ ನಾಯಿ ಏಳಲು ಹೆದರುತ್ತದೆ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹೊರಬಾಗಿಲಿಗೆ ಒಂದು ದಾರಿಯುದ್ದಕ್ಕೂ ಜಮಖಾನ ಹಾಸಿದರೆ ಅರ್ಧ ಸಮಸ್ಯೆ ತೀರಿತು. ಜಮಖಾನವೇ ಸರಿಯದಂತೆ ಕೆಳಗೆ ರಬ್ಬರ್ ಮ್ಯಾಟ್ ಇರಲಿ. ಮೆಟ್ಟಿಲಿಗೆ ಅಡ್ಡ ಹಲಗೆ ಇಡಿ.

ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ಒಂದು ಗೇಣು ಅಗಲಕ್ಕೆ ಮಡಚಿದ ದಪ್ಪ ಟವೆಲನ್ನು ಹಿಂಗಾಲಿನ ಮುಂದೆ, ಹೊಟ್ಟೆಯಡಿಯಲ್ಲಿ ಹಾಯಿಸಿ, ಎರಡೂ ತುದಿಯನ್ನು ಬೆನ್ನ ಮೇಲೆ ಕೂಡಿಸಿ ಹಿಡಿಯಬೇಕು. ಗಂಡು ನಾಯಿಯಾದರೆ ಮೂತ್ರದ ಜಾಗ ಒತ್ತದಂತೆ ನೋಡಿಕೊಳ್ಳಬೇಕು. ಭಾರವನ್ನು ಪೂರ್ತಿ ಎತ್ತಬಾರದು. ಬೀಳದಷ್ಟೇ ಆಧಾರ ಕೊಟ್ಟರೆ ಉಳಿದದ್ದನ್ನು ಅದೇ ಮಾಡುತ್ತದೆ. ಬಾಲದಿಂದ ಎತ್ತುವುದು ಎಂದಿಗೂ ಸಲ್ಲ. ಟವೆಲಿನ ಬದಲು ಹಿಡಿಕೆಯಿರುವ ಪಟ್ಟಿ ಬೇಕೆಂದರೆ ಚೀಲ ಹೊಲಿಯುವವರು ಹೊಲಿದುಕೊಡುತ್ತಾರೆ. ಮುಂಗಾಲು ಗಟ್ಟಿಯಿರುವವರೆಗೆ ಎರಡು ಗಾಲಿಯ ಗಾಡಿಯೂ ಆಗುತ್ತದೆ. ಅಳತೆ ಸರಿಯಾಗಿ ಕೊಟ್ಟರೆ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನ ಫ್ಯಾಬ್ರಿಕೇಶನ್ ಮಾಡುವವರಿಗೆ ಹಗುರ ಪೈಪಿನಲ್ಲಿ ಅದನ್ನು ಮಾಡುವುದು ಕಷ್ಟವಲ್ಲ.

ಹಾಸಿಗೆಗೆ ಹಳೆ ಸೀರೆಯ ಕೌದಿಗಿಂತ ಒಳ್ಳೆಯದು ಇಲ್ಲ. ಆದರೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒದ್ದೆಯಾದ ಕೌದಿ ದಿನಗಟ್ಟಲೆ ಒಣಗುವುದಿಲ್ಲ. ಒದ್ದೆ ಹಾಸಿಗೆ ಹಾಸಿಗೆ ಹುಣ್ಣಿಗೆ ದಾರಿಮಾಡಿಕೊಡುತ್ತದೆ. ಎರಡು ಕೌದಿ ಇಟ್ಟುಕೊಂಡು, ಮೇಲೊಂದು ತೆಳು ಬಟ್ಟೆ ಹಾಸಿ ಬದಲಿಸುತ್ತಿರಿ. ತಾನಾಗಿ ಹೊರಳಲಾರದ ನಾಯಿಯ ಮಗ್ಗುಲನ್ನು ಮೂರು–ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು. ಉಚ್ಚೆಯ ಹಿಡಿತ ತಪ್ಪಿದಾಗ ಹೊಟ್ಟೆಯನ್ನು ಮೃದುವಾಗಿ ಒತ್ತಿ ಮೂತ್ರಕೋಶ ಖಾಲಿ ಮಾಡಿಸುವುದನ್ನು ಪಶುವೈದ್ಯರ ಎದುರಿಗೇ ಕಲಿಯಿರಿ. ಮೂತ್ರದ ವಾಸನೆ, ಬಣ್ಣ ಬದಲಾದರೆ ಸೋಂಕಿರಬಹುದು. ತೂಕ ಏರಗೊಡಬೇಡಿ. ಅಕ್ಕರೆಯಿಂದ ಹಾಕುವ ಪೇಢೆ, ಬಿಸ್ಕತ್ತು ಸೋತ ಕಾಲಿಗೆ ಹೊರೆ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಈ ರೋಗಕ್ಕೆ ಅದರಿಂದ ಲಾಭವಿಲ್ಲ, ಐಬುಪ್ರೊಫೆನ್‌ನಂಥವು ನಾಯಿಗೆ ವಿಷ.

ಕೊನೆಯ ತೀರ್ಮಾನ

ಲಕ್ಷಣ ಕಂಡ ಮೇಲೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ದೊಡ್ಡ ನಾಯಿಯ ಹಿಂಗಾಲು ಪೂರ್ತಿ ಸೋಲುತ್ತದೆ. ಆಮೇಲೆ ರೋಗ ಮುಂಗಾಲಿಗೆ ಏರುತ್ತದೆ, ಕೊನೆಗೆ ಉಸಿರಾಟವನ್ನೂ ತಟ್ಟಬಹುದು. ಎಷ್ಟು ದೂರ ಜೊತೆಗೆ ಹೋಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮನೆಯವರೆಲ್ಲ ಕೂತು, ಪಶುವೈದ್ಯರನ್ನು ಕೇಳಿ ತೀರ್ಮಾನಿಸಬೇಕು. ನಾಯಿ ಊಟಕ್ಕೆ ಮುಖ ಎತ್ತುತ್ತಿದೆಯೇ, ಮನೆಯವರು ಬಂದರೆ ಕಣ್ಣರಳಿಸುತ್ತಿದೆಯೇ, ಮೈ ಹುಣ್ಣಿಲ್ಲದೆ ಇದೆಯೇ ಎಂಬುದೇ ಅಳತೆ. ಇವೆಲ್ಲ ಇಲ್ಲವಾದಾಗ ನೋವಿಲ್ಲದ ದಯಾಮರಣ ಕೊಡಿಸುವುದು ಕ್ರೌರ್ಯವಲ್ಲ. ಕಾಲು ಹೋಯಿತೆಂದು ಬೈಪಾಸಿನ ಬದಿಗೆ ಬಿಟ್ಟುಬರುವುದು ಕ್ರೌರ್ಯ.

ನಿಮ್ಮ ಮನೆಯ ನಾಯಿಗೆ ಏಳು–ಎಂಟು ವರ್ಷವಾಗಿದ್ದರೆ ಇವತ್ತೇ ಅದರ ಹಿಂಗಾಲಿನ ಉಗುರು ನೋಡಿ. ನಡುವಿನವು ಸವೆದಿದ್ದರೆ ಅದು ನಡೆಯುವುದನ್ನು ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಕೊಂಡು ಪಶುವೈದ್ಯರಿಗೆ ತೋರಿಸಿ. ವಯಸ್ಸಾಯಿತೆಂದು ಕಾಯಬೇಡಿ. ಈ ರೋಗದಲ್ಲಿ ಮನೆಯವರ ಆರೈಕೆಯಿಂದ ಗಳಿಸಬಹುದಾದ ತಿಂಗಳುಗಳೆಲ್ಲ ಶುರುವಿನಲ್ಲೇ ಇವೆ.