ಮನೆಯಲ್ಲೊಂದು ಗಾಳಿ ಯಂತ್ರ: ಕೊಳ್ಳುವ ಮುನ್ನ

ನಮ್ಮ ಕೆಲಮಂಗಲದಲ್ಲಿ ಈಗ ಗಾಡಿ ಇಲ್ಲದ ಮನೆ ಕಡಿಮೆ. ಹೊಸೂರಿನ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಮಗನ ಬೈಕು, ಸೊಸೆಯ ಸ್ಕೂಟರು, ಹೊಲಕ್ಕೊಂದು ಮೊಪೆಡ್ಡು, ಅನುಕೂಲವಿದ್ದವರ ಮನೆಯಲ್ಲಿ ಕಾರು. ಟಿ.ವಿ.ಎಸ್. 50 ಮೊಪೆಡ್ಡು 1980ರಲ್ಲಿ ಹೊರಬಂದದ್ದು ನಮ್ಮ ಪಕ್ಕದ ಹೊಸೂರಿನಿಂದಲೇ. ಗಾಡಿಗೆ ಪೆಟ್ರೋಲು ಹಾಕಿಸುವುದನ್ನು ಯಾರೂ ಮರೆಯುವುದಿಲ್ಲ, ಮರೆತರೆ ಅದು ದಾರಿಯಲ್ಲೇ ನಿಲ್ಲುತ್ತದೆ. ಗಾಳಿ ಕಡಿಮೆಯಾದರೆ ಮಾತ್ರ ಗಾಡಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಅಪಾಯ ಇರುವುದು ಅಲ್ಲಿಯೇ.

ನಾನು ಮೆಟ್ರಿಕ್ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಯಂತ್ರಗಳ ವಿಷಯದಲ್ಲಿ ಪಂಡಿತನಲ್ಲ. ಆದರೆ ಟಯರಿಗೆ ಗಾಳಿ ತುಂಬುವ ಸಣ್ಣ ವಿದ್ಯುತ್ ಯಂತ್ರವೊಂದನ್ನು ಕೊಂಡು ಒಂದು ಪೇಚಿಗೆ ಸಿಕ್ಕಿಕೊಂಡೆ. ಅದನ್ನು ಹೇಳಿದರೆ ನಿಮಗೆ ಉಪಯೋಗವಾದೀತು.

ಹೆಂಡತಿಯ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿನಲ್ಲಿ ದಿನ ಗೊತ್ತಾಗಿತ್ತು. ಬೆಳಗಿನ ಜಾವ ಐದು ಗಂಟೆಗೆ ಶೆಡ್ಡಿನ ಬಾಗಿಲು ತೆಗೆದರೆ ಕಾರಿನ ಹಿಂದಿನ ಒಂದು ಚಕ್ರ ನೆಲಕ್ಕೆ ಕೂತಿತ್ತು. ಯಂತ್ರ ಇದೆಯಲ್ಲ ಎಂದು ಧೈರ್ಯವಾಗಿಯೇ ಇದ್ದೆ. ಉಳಿದ ಮೂರಕ್ಕೂ ಸ್ವಲ್ಪ ಸ್ವಲ್ಪ ಹಾಕಿಬಿಡೋಣ ಎಂದು ಅವುಗಳಿಂದಲೇ ಶುರು ಮಾಡಿದೆ. ಕೂತಿದ್ದ ಚಕ್ರದ ಹತ್ತಿರ ಬರುವಷ್ಟರಲ್ಲಿ ಯಂತ್ರ ಕೈ ಸುಡುವಷ್ಟು ಬಿಸಿಯಾಗಿ ತಟ್ಟನೆ ನಿಂತುಹೋಯಿತು. ಪಕ್ಕದ ಮನೆಯ ಹುಡುಗ ಕಾಲಲ್ಲಿ ತುಳಿಯುವ ಪಂಪು ತಂದು ಅರ್ಧ ಗಂಟೆ ಬೆವರು ಸುರಿಸಿದ. ನಾವು ತಲುಪಿದ್ದು ತಡವಾಗಿ. ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು.

ಯಂತ್ರ ಕೆಟ್ಟಿದೆಯೆಂದು ಅಂಗಡಿಯವರ ಮೇಲೆ ರೇಗುತ್ತಲೇ ಮನೆಗೆ ಬಂದೆ. ಡಬ್ಬಿಯೊಳಗಿದ್ದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದಾಗ, ಎಂಟು ನಿಮಿಷ ಓಡಿಸಿದರೆ ಹತ್ತು ನಿಮಿಷ ಬಿಡುವು ಕೊಡಬೇಕು ಎಂದು ಸಣ್ಣ ಅಕ್ಷರದಲ್ಲಿತ್ತು. ತಣ್ಣಗಾದ ಮೇಲೆ ಯಂತ್ರ ತಾನಾಗಿ ಓಡಿತು. ಕೌಂಟರಿನಲ್ಲಿ ಕೂತು ‘ಸಣ್ಣ ಅಕ್ಷರ ಓದಿ ಸಹಿ ಹಾಕಿ ಸ್ವಾಮಿ’ ಎಂದು ಸಾವಿರಾರು ಜನಕ್ಕೆ ಹೇಳಿದವನು ನಾನೇ!

ಯಂತ್ರ ಏಕೆ ಅಷ್ಟು ಬಿಸಿಯಾಗುತ್ತದೆ? ಸೈಕಲ್ ಪಂಪು ಒತ್ತುವಾಗ ಅದರ ಬುಡ ಬಿಸಿಯಾಗುವುದನ್ನು ನೀವೆಲ್ಲ ಮುಟ್ಟಿ ನೋಡಿರುತ್ತೀರಿ. ಗಾಳಿಯನ್ನು ಅದುಮಿದರೆ ಶಾಖ ಹುಟ್ಟುತ್ತದೆ. ಯಂತ್ರದ ಒಳಗೂ ಅಂಥದೇ ಪುಟ್ಟ ಪಿಸ್ಟನ್ನು. ಕೈಯ ಬದಲು ಮೋಟರು ಅದನ್ನು ನಿಮಿಷಕ್ಕೆ ಸಾವಿರಾರು ಸಲ ಆಡಿಸುತ್ತದೆ. ಯಂತ್ರ ಚಿಕ್ಕದಾದಷ್ಟೂ ಆ ಶಾಖ ಹೊರಹೋಗಲು ಜಾಗ ಕಡಿಮೆ. ಆದ್ದರಿಂದ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಹೊತ್ತು ಬಿಡದೆ ಓಡುತ್ತದೆ, ಆಮೇಲೆ ಎಷ್ಟು ಬಿಡುವು ಬೇಕು?’ ಎಂಬುದು.

ಡಬ್ಬಿಯ ಮೇಲೆ ದೊಡ್ಡದಾಗಿ 150 ಪಿ.ಎಸ್.ಐ. ಎಂದು ಬರೆದಿರುತ್ತದೆ. ನಾನೂ ಅದನ್ನು ನೋಡಿಯೇ ಮೋಸಹೋದದ್ದು. ಪಿ.ಎಸ್.ಐ. ಎಂದರೆ ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡು ಒತ್ತಡ ಎಂಬ ಲೆಕ್ಕ. ಪಂಕ್ಚರ್ ಅಂಗಡಿಯವರು ‘ಪೌಂಡು’ ಎನ್ನುವುದು ಇದನ್ನೇ. ಸಾಮಾನ್ಯ ಕಾರಿಗೆ ಬೇಕಾಗುವುದು 30ರಿಂದ 36 ಪೌಂಡು, ಬೈಕು ಸ್ಕೂಟರುಗಳಿಗೂ ಹೆಚ್ಚುಕಡಿಮೆ 22ರಿಂದ 36ರ ಒಳಗೇ. ಹೀಗಿರುವಾಗ 150 ಕಟ್ಟಿಕೊಂಡು ನಮಗೇನು? ನೋಡಬೇಕಾದದ್ದು, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ ಎಂಬುದನ್ನು.

ಇದಕ್ಕೊಂದು ಸುಲಭ ಲೆಕ್ಕವಿದೆ. ನಮ್ಮ ಸುತ್ತಲಿನ ವಾಯುವಿನ ಒತ್ತಡ ಸುಮಾರು 15 ಪೌಂಡು. ಟಯರಿನ ಒತ್ತಡವನ್ನು 15 ಪೌಂಡು ಏರಿಸಬೇಕಾದರೆ ಆ ಟಯರಿನ ಹೊಟ್ಟೆ ಹಿಡಿಯುವಷ್ಟೇ ಹೊರಗಾಳಿಯನ್ನು ಹೆಚ್ಚಾಗಿ ತುಂಬಬೇಕು. ಸಣ್ಣ ಕಾರಿನ ಟಯರಿನ ಹೊಟ್ಟೆ 25ರಿಂದ 30 ಲೀಟರ್. ಪೂರ್ತಿ ಇಳಿದದ್ದನ್ನು 30 ಪೌಂಡಿಗೆ ತರಲು ಅದರ ಎರಡರಷ್ಟು, ಅಂದರೆ 50ರಿಂದ 60 ಲೀಟರ್ ಬೇಕು. ನಿಮಿಷಕ್ಕೆ 30 ಲೀಟರ್ ಕೊಡುವ ಯಂತ್ರಕ್ಕೆ ಇದು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಿನ ಕೆಲಸ, 10 ಲೀಟರಿನದಕ್ಕೆ ಆರು ನಿಮಿಷಕ್ಕೂ ಮೇಲೆ. ಒಳಗಿನ ಒತ್ತಡ ಏರಿದಂತೆ ಯಂತ್ರದ ವೇಗ ತಗ್ಗುತ್ತದೆ ಎಂಬುದನ್ನೂ ನೆನಪಿಡಿ. ಸ್ಕೂಟರಿನ ಟಯರು ಹಿಡಿಯುವುದು ಆರೇಳು ಲೀಟರ್ ಮಾತ್ರ. ಆದ್ದರಿಂದ ಎರಡು ಚಕ್ರದ ಗಾಡಿ ಮಾತ್ರ ಇರುವ ಮನೆಗೆ ಅಂಗೈಯಗಲದ ಯಂತ್ರ ಸಾಕು. ಕಾರಿದ್ದರೆ ಸ್ವಲ್ಪ ಗಟ್ಟಿಯಾದದ್ದೇ ಇರಲಿ. ಟ್ರಾಕ್ಟರಿನ ದೊಡ್ಡ ಟಯರಿಗೆ ಇವು ಯಾವುವೂ ಅಲ್ಲ.

ಇನ್ನು ಕರೆಂಟಿನ ಮಾತು. ಈ ಯಂತ್ರಗಳಲ್ಲಿ ಮೂರು ಬಗೆ. ಮೊದಲನೆಯದು ಕಾರಿನೊಳಗಿನ 12 ವೋಲ್ಟಿನ ಸಾಕೆಟ್ಟಿಗೆ ಸಿಕ್ಕಿಸುವಂಥದು. ಅಗ್ಗ, ಬಾಳಿಕೆಯೂ ಉಂಟು. ತಂತಿ ಹಿಂದಿನ ಚಕ್ರದವರೆಗೆ ಮುಟ್ಟುತ್ತದೆಯೇ ಎಂದು ಅಂಗಡಿಯಲ್ಲೇ ಅಳೆದು ನೋಡಿ. ಸಾಕೆಟ್ಟಿನ ಫ್ಯೂಜು ಎಷ್ಟು ಆಂಪಿಯರಿನದು, ಯಂತ್ರ ಎಳೆಯುವುದು ಎಷ್ಟು ಎಂಬುದನ್ನೂ ಹೋಲಿಸಿ, ಇಲ್ಲವಾದರೆ ಫ್ಯೂಜು ಹಾರುತ್ತದೆ. ಬ್ಯಾಟರಿ ಇಳಿಯದಿರಲೆಂದು ಎಂಜಿನ್ ಚಾಲೂ ಇಡುವುದಾದರೆ ಗಾಡಿಯನ್ನು ಬಯಲಿಗೆ ತನ್ನಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಅನಿಲ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ.

ಎರಡನೆಯದು ಮೊಬೈಲಿನಂತೆ ಚಾರ್ಜು ಮಾಡುವಂಥದು. ಕಾರಿಲ್ಲದ ಮನೆಗೆ, ಕರೆಂಟು ಹೋದ ಹೊತ್ತಿಗೆ, ಅಂಚೆಟ್ಟಿಯ ಕಾಡುದಾರಿಯಲ್ಲಿ ಸಿಕ್ಕಿಕೊಂಡಾಗ ಇದೇ ಅನುಕೂಲ. ಆದರೆ ಅದನ್ನು ಚಾರ್ಜು ಮಾಡಲು ಮರೆತರೆ ಯಂತ್ರ ಇದ್ದೂ ಇಲ್ಲದಂತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಬ್ಯಾಟರಿ ಬೇಗ ಹಾಳಾಗುತ್ತದೆ. ಮೂರನೆಯದು ಮನೆಯ 230 ವೋಲ್ಟಿಗೆ ಹಾಕುವಂಥದು. ಬಲ ಹೆಚ್ಚು, ಆದರೆ ದಾರಿಗೆ ಒಯ್ಯಲಾಗದು.

ಯಾವುದೇ ಆಗಲಿ, ಬೇಕಾದ ಅಂಕಿ ಒತ್ತಿಟ್ಟರೆ ಅಲ್ಲಿಗೆ ತಾನಾಗಿ ನಿಲ್ಲುವ ಸೌಕರ್ಯವಿರಲಿ. ರಾತ್ರಿ ಬಳಸಲು ದೀಪವಿದ್ದರೆ ಒಳ್ಳೆಯದು. ನಮ್ಮ ಹಳೆಯ ಸೈಕಲ್ಲುಗಳ ವಾಲ್ವು ಬೇರೆ, ಬೈಕು ಕಾರುಗಳದು ಬೇರೆ. ಅದಕ್ಕೆ ಹೊಂದುವ ಮೂತಿ ಡಬ್ಬಿಯಲ್ಲಿದೆಯೇ ಎಂದು ನೋಡಿ. ಯಂತ್ರ ತೋರಿಸುವ ಅಂಕಿಯನ್ನು ಕಣ್ಣುಮುಚ್ಚಿ ನಂಬದೆ, ಪೆನ್ನಿನಂಥ ಗೇಜೊಂದನ್ನು ಬೇರೆಯಾಗಿ ಕೊಂಡು ತಾಳೆ ನೋಡಿ. ಬಿಲ್ಲು ಪಡೆದು, ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಹಾಕಿಸಿ.

ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಸಿಗುವಾಗ ಯಂತ್ರವೇಕೆ ಎಂದು ಕೇಳಬಹುದು. ಗಾಡಿ ತಯಾರಿಸಿದವರು ಹೇಳುವ ಅಂಕಿ ತಣ್ಣಗಿರುವ ಟಯರಿನದು, ಅಂದರೆ ಮೂರು ಗಂಟೆಯಾದರೂ ನಿಂತಿದ್ದ ಗಾಡಿಯದು. ಬಂಕಿಗೆ ಹೋಗುವಷ್ಟರಲ್ಲಿ ಟಯರು ಬಿಸಿಯಾಗಿ ಒತ್ತಡ ಏರಿರುತ್ತದೆ. ಶಾಖ ಹತ್ತು ಡಿಗ್ರಿ ಹೆಚ್ಚಿದರೆ ಸುಮಾರು ಒಂದೂವರೆ ಪೌಂಡು ಹೆಚ್ಚುತ್ತದೆ. ಕೆಲಮಂಗಲದ ತಂಪು ಬೆಳಗಿನಲ್ಲಿ ಸರಿಯಾಗಿ ಗಾಳಿ ಹಾಕಿ ಹೊರಟವರು, ಘಟ್ಟ ಇಳಿದು ಕೃಷ್ಣಗಿರಿಯ ಬಿಸಿಲಿಗೆ ಹೋದಾಗ ಗೇಜು ನಾಲ್ಕೈದು ಪೌಂಡು ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು. ಅದು ತಯಾರಕರು ಎಣಿಸಿಯೇ ಇಟ್ಟ ಏರಿಕೆ. ಬಿಟ್ಟರೆ ಮಾರನೆಯ ಬೆಳಿಗ್ಗೆ ಟಯರು ಸೊರಗಿರುತ್ತದೆ. ಸೊರಗಿದ ಟಯರಿನ ಪಕ್ಕೆ ಸುತ್ತುಸುತ್ತಿಗೂ ಮಡಚಿ ಬಿಚ್ಚಿ, ಒಳಗಿನ ನೂಲು ಕಾದು, ಹೆದ್ದಾರಿಯ ವೇಗದಲ್ಲಿ ಸಿಡಿಯಬಹುದು. ಹಾಗೆಂದು ಅತಿಯಾಗಿ ತುಂಬಿದರೂ ನಡು ಸವೆದು ಹಿಡಿತ ತಪ್ಪುತ್ತದೆ. ಸರಿಯಾದ ಅಂಕಿ ಕಾರಿನಲ್ಲಿ ಚಾಲಕನ ಬಾಗಿಲ ಹತ್ತಿರದ ಚೀಟಿಯಲ್ಲಿ, ಬೈಕಿನಲ್ಲಿ ಚೈನಿನ ಕವರಿನ ಹತ್ತಿರ ಅಥವಾ ಜೊತೆಗೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಟಯರಿನ ಪಕ್ಕೆಯ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ಹಿಡಿಯಬೇಡಿ.

2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಟ್ಯೂಬ್‌ಲೆಸ್ ಟಯರಿನ ರಿಪೇರಿ ಕಿಟ್ಟು ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ಅಂಥ ಕಾರು ಕೊಂಡವರಿಗೆ ಈ ಯಂತ್ರ ಅವಶ್ಯಕವೇ ಆಗಿದೆ. ಆದರೆ ಇದು ಪಂಕ್ಚರ್ ಅಂಗಡಿಗೆ ಬದಲಿಯಲ್ಲ. ಪಕ್ಕೆ ಹರಿದ ಟಯರಿಗೂ, ರಿಮ್ಮಿನಿಂದ ಅಂಚು ಬಿಟ್ಟುಕೊಂಡ ಟ್ಯೂಬ್‌ಲೆಸ್ ಟಯರಿಗೂ ಈ ಪುಟ್ಟ ಯಂತ್ರದಿಂದ ಏನೂ ಆಗದು.

ಕೊನೆಯದಾಗಿ ಒಬ್ಬ ಗುಮಾಸ್ತನ ಸಲಹೆ. ಒಳ್ಳೆಯ ಟಯರಿನಿಂದಲೂ ತಿಂಗಳಿಗೆ ಒಂದೆರಡು ಪೌಂಡು ಗಾಳಿ ಸೋರುತ್ತದೆ. ಪ್ರತಿ ತಿಂಗಳ ಮೊದಲ ದಿನ ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ, ಗೇಜು ಹಿಡಿದು ನೋಡಿ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಆಮೇಲೆ ಕಡಿಮೆಯಿದ್ದಷ್ಟು ತುಂಬಿ. ಬೇರೆ ಚಕ್ರಗಳಿಗಿಂತ ಒಂದು ಚಕ್ರ ಹೆಚ್ಚು ಇಳಿದಿದ್ದರೆ ಅಲ್ಲಿ ಮೊಳೆಯೋ ವಾಲ್ವಿನ ದೋಷವೋ ಇದೆ ಎಂದರ್ಥ. ಆ ಬೆಳಗಿನ ಜಾವ ಕೂತಿದ್ದ ನನ್ನ ಕಾರಿನ ಚಕ್ರದಲ್ಲಿ ಒಂದು ಸಣ್ಣ ಮೊಳೆ ಎಷ್ಟು ದಿನದಿಂದ ಇತ್ತೋ ಏನೋ. ಹೀಗೆ ಬರೆದಿಟ್ಟುಕೊಂಡಿದ್ದರೆ ಅದು ಮೊದಲೇ ತಿಳಿಯುತ್ತಿತ್ತು. ಈಗ ಪುಸ್ತಕ ಇಟ್ಟಿದ್ದೇನೆ, ಪಕ್ಕದಲ್ಲಿ ಕೂತು ಅಂಕಿ ಓದಿ ಹೇಳುವವಳು ನನ್ನ ಹೆಂಡತಿ. ಅವಳ ಕಣ್ಣು ಈಗ ನನ್ನದಕ್ಕಿಂತ ಚೆನ್ನಾಗಿದೆ.